ಹಲ್ಲು ತೊಂಬತ್ತಾರು, ಬಾಯಿ ಹನ್ನೆರಡು

ದಂತವೈದ್ಯ ಕಾಲೇಜಿನಲ್ಲಿ ಲೆಕ್ಕದ ಮೇಡಂ ಗೊತ್ತಿಲ್ಲದವರಿಲ್ಲ. ಸಂಶೋಧನೆ ಶುರುವಾಗುವ ಮೊದಲೇ ಏನು ಅಳೆಯಬೇಕು, ಎಷ್ಟು ಜನ ಬೇಕು, ಕೊನೆಗೆ ಯಾವ ಲೆಕ್ಕ ಹಾಕಬೇಕು ಎಂದು ಯೋಜನೆ ಮಾಡಿಕೊಡುವುದು ಅವರ ಕೆಲಸ. ಆದರೆ ಮೊದಲೇ ಬರುವವರು ಯಾರು? ಎಲ್ಲರೂ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೇ.

ಒಂದು ಮಧ್ಯಾಹ್ನ ಹಾಗೆ ಬಂದವಳು ಮೇಡಂ ಅವರ ಸ್ವಂತ ಅಕ್ಕನ ಮಗಳು, ಅಲ್ಲಿಯದೇ ಸ್ನಾತಕೋತ್ತರ ವಿದ್ಯಾರ್ಥಿನಿ. ದವಡೆ ಹಲ್ಲಿನ ಕುಳಿಗೆ ಬಳಿಯುವ ಹೊಸ ಲೇಪ ಹಳೆಯದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆಯೇ ಎಂಬುದು ಅವಳ ಪ್ರಬಂಧ. ಮೇಡಂ ಸಹಿ ಹಾಕಿದ ಯೋಜನೆ ಸಂಜೆಯೊಳಗೆ ಕಾಲೇಜಿನ ಸಮಿತಿಯ ಕೈ ಸೇರದಿದ್ದರೆ ಅವಳಿಗೆ ಅರ್ಧ ವರ್ಷ ನಷ್ಟ.

"ಚಿಕ್ಕಮ್ಮ, ಇಲ್ಲೊಂದು ಸಹಿ."

"ಎಷ್ಟು ಜನ?"

"ತೊಂಬತ್ತಾರು."

ಮೇಡಂ ಹಾಳೆ ತಿರುವಿದರು. "ಹನ್ನೆರಡು ಅಂತ ಬರೆದಿದೀಯಲ್ಲೇ!"

"ಒಬ್ಬೊಬ್ಬರಿಗೆ ಎಂಟು ಹಲ್ಲು. ಆರು ಜನಕ್ಕೆ ಹೊಸ ಲೇಪ, ಆರು ಜನಕ್ಕೆ ಹಳೇದು."

ಮೇಡಂ ಕನ್ನಡಕ ತೆಗೆದಿಟ್ಟರು. "ಕಡಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರೆ. ನಿನ್ನ ಹತ್ರ ಹಲ್ಲಿನ ರಾಶಿಯೇ ಇದೆ, ಬಾಯೇ ಇಲ್ಲ! ಒಬ್ಬ ನಿದ್ದೇಲಿ ಹಲ್ಲು ಕಡಿದರೆ ಎಂಟರ ಲೇಪವೂ ಕಿತ್ಕೊಂಡು ಬರುತ್ತೆ. ಅದು ಎಂಟು ಸಾಕ್ಷಿನಾ, ಒಬ್ಬನ ಚಾಳಿನಾ?"

ಹುಡುಗಿಯ ಮುಖ ಬಾಡಿತು. ಅಷ್ಟರಲ್ಲಿ ಅಕ್ಕನ ಫೋನು. "ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನದಲ್ಲ ಅಕ್ಕ, ಬಾಯಿ ತೆಗೆದು ಕೂರೋರ ಶ್ರಮ ದಂಡ ಆಗುತ್ತೆ," ಎಂದು ಫೋನಿಟ್ಟರು.

ಬೈಯುತ್ತಲೇ ಅವರು ಹಾಳೆಯ ಹಿಂದೆ ಒಂದು ಬಾಯಿ ಬಿಡಿಸಿ ನಡುವೆ ಗೆರೆ ಎಳೆದರು. "ಒಂದೇ ಬಾಯಲ್ಲಿ ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು. ಕಡಿಯೋನು ಎರಡನ್ನೂ ಕಡೀತಾನೆ, ಹೋಲಿಕೆ ಸಮ." ಲೆಕ್ಕ ಹಾಕಿದರು. "ಹನ್ನೆರಡು ಸಾಲದು. ಇಪ್ಪತ್ತು ಬಾಯಿ ಬೇಕು. ಸಿಗ್ತಾರಾ?"

"ಸಿಗ್ತಾರೆ! ಹೊಸದು ಬಲಗಡೆಗೆ ಹಾಕ್ತೀನಿ, ನನಗೆ ಕೈಗೆ ಸಲೀಸು."

ಮೇಡಂ ಹಣೆ ಚಚ್ಚಿಕೊಂಡರು. "ಕೈಗೆ ಸಲೀಸಾದ ಕಡೆ ಯಾವ ಲೇಪವಾದ್ರೂ ಚೆನ್ನಾಗಿ ಕೂರುತ್ತೆ ಕಣೇ! ಪ್ರತಿಯೊಬ್ಬರಿಗೂ ನಾಣ್ಯ ಹಾರಿಸಿ ಕಡೆ ಗೊತ್ತುಮಾಡು. ಅದನ್ನೂ ಬರೆದು ತಾ, ಓದಿ ಸಹಿ ಹಾಕ್ತೀನಿ."

ಅವಳು ಅಲ್ಲೇ ಕೂತು ಬರೆಯತೊಡಗಿದಳು. ಫೋನು ಮತ್ತೆ ಹೊಡೆದುಕೊಂಡಿತು. ಮೇಡಂ ಅದನ್ನು ಅವಳತ್ತ ತಳ್ಳಿದರು.

"ಇನ್ನೂ ಹಾಕಿಲ್ವಾ? ತೊಂಬತ್ತಾರು ಸಾಲದಂತಾ ಅವಳಿಗೆ?" ಅಕ್ಕನ ದನಿ ಕೋಣೆಗೆಲ್ಲ ಕೇಳಿಸಿತು.

"ಅಯ್ಯೋ ಅಮ್ಮ," ಹುಡುಗಿ ರೇಗಿದಳು, "ಹಲ್ಲಲ್ಲ, ಬಾಯಿ ಎಣಿಸಬೇಕು! ನಿನಗೆ ಎಷ್ಟು ಸಲ ಹೇಳೋದು?"

ಮೇಡಂ ಸಹಿ ಹಾಕಲು ಪೆನ್ನಿನ ಕ್ಯಾಪು ತೆಗೆದರು.