ಎಂಜಿನ್ನಿನಲ್ಲಿ ಹುರಿದ ಕಡಲೆ

“ಸ್ಪ್ಯಾನರ್ ಕೆಳಗಿಡು,” ಎಂದರು ಉಸ್ತಾದ್. “ಮೊದಲು ಅವರು ಹೇಳ್ಲಿ.”

ನಾನು ಕೆಲಸ ಕಲಿಯುತ್ತಿದ್ದ ಹಲಸೂರಿನ ಅವರ ಗ್ಯಾರೇಜಿನಲ್ಲಿ ಇದೊಂದೇ ಕಾನೂನು. ಗಾಡಿ ಹೇಗೆ ಸದ್ದು ಮಾಡುತ್ತದೆ ಎಂದು ಗಿರಾಕಿ ಬಾಯಿಬಿಟ್ಟು ಹೇಳುವ ತನಕ ಮುಟ್ಟುವಂತಿಲ್ಲ. ಅವತ್ತು ಸ್ಕೂಟರ್ ತಂದವರು ನನ್ನ ಟ್ಯೂಷನ್ ಅಕ್ಕ. ರಾಮಮೂರ್ತಿ ನಗರದಲ್ಲಿ ನಮ್ಮ ವಠಾರದಲ್ಲೇ ಇದ್ದಾರೆ. ಸಂಜೆ ನನಗೆ ಎಸ್ಸೆಸ್ಸೆಲ್ಸಿ ಕನ್ನಡ ಹೇಳಿಕೊಡುತ್ತಿದ್ದರು.

ಉಳಿದದ್ದೆಲ್ಲ ಪಾಸಾಗಿತ್ತು. ಕನ್ನಡ ಒಂದೇ ಬಾಕಿ. ಅದು ಆಗದೆ ಐಟಿಐ ಸೀಟಿಲ್ಲ, ನನಗೆ ಆ ಸೀಟು ಬೇಕೇ ಬೇಕಿತ್ತು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಉಸ್ತಾದ್‌ಗೆ ಇದೇ ತಮಾಷೆ. “ಯಾದಗಿರಿಯವನು, ಕನ್ನಡದಲ್ಲಿ ಫೇಲು. ಕ್ಯಾ ಮಿಯಾ, ನಾನೇ ಹೋಗಿ ಬರೆದು ಬರ್ಲಾ?”

ನನ್ನನ್ನು ಕೆಡವಿದ್ದು ಅಲಂಕಾರ. ‘ಮಗುವಿನ ನಗು ಮಲ್ಲಿಗೆಯಂತೆ ಅರಳಿತು’ ಎಂದು ಕೊಟ್ಟಿದ್ದರು. ‘ನಗು ಅರಳುವುದಿಲ್ಲ, ವಾಕ್ಯ ತಪ್ಪು’ ಎಂದು ಬರೆದು ಎದ್ದು ಬಂದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಇವರಿಗೇನು ರೋಗ ಎಂದು ಸಿಟ್ಟು.

ಅಕ್ಕ ಹೇಳಿದರು, “ಕಡಲೆ ಹುರಿದ ಹಾಗೆ ಪಟಪಟ ಅಂತಿದೆ.”

“ಟ್ಯಾಪೆಟ್ ಲೂಸ್ ಆಗ್ಯಾದ್ರೀ,” ಎಂದೆ.

“ಬಿಚ್ಚಿ ನೋಡ್ದೆ ಹೆಂಗೋ ಗೊತ್ತಾಯ್ತು?”

“ನೀವೇ ಹೇಳಿದ್ರಲ್ರೀ ಅಕ್ಕಾ, ಕಡಲಿ ಹುರಿದಂಗ ಅಂತ.”

“ಎಂಜಿನ್ ಒಳಗೆ ಕಡಲೆ ಇದೆಯಾ? ವಾಕ್ಯ ತಪ್ಪಲ್ವಾ?”

“ಕಡಲಿ ಎಲ್ಲಿಂದ ಬರ್ತದ್ರೀ. ಸೌಂಡ್ ಹಂಗದ, ಅಷ್ಟೇ.”

ಹೇಳಿದ್ದು ನನ್ನ ಕಿವಿಗೇ ಬಿತ್ತು. ಆಗ ಹೊಳೆಯಿತು. ಅವರಿಗೆ ಟ್ಯಾಪೆಟ್ ಗೊತ್ತಿಲ್ಲ, ಕಡಲೆ ಗೊತ್ತು. ಇದಕ್ಕಿಂತ ನೇರವಾಗಿ ಹೇಳಲು ಅವರಿಂದ ಆಗುತ್ತಿರಲಿಲ್ಲ.

ಟ್ಯಾಪೆಟ್ ಬಿಗಿ ಮಾಡುತ್ತಲೇ ಅಕ್ಕನಿಗೆ ಪಾಠ ಒಪ್ಪಿಸಿದೆ. ಎಂಜಿನ್ ಸದ್ದು ಉಪಮೇಯ. ಕಡಲೆ ಹುರಿಯುವ ಸದ್ದು ಉಪಮಾನ. ‘ಹಾಗೆ’ ಉಪಮಾವಾಚಕ. ಪಟಪಟ ಎನ್ನುವುದು ಎರಡರಲ್ಲೂ ಇದೆ, ಅದು ಸಮಾನ ಧರ್ಮ. ಉಪಮೆ ಮುಗಿಯಿತು.

ಅಷ್ಟರಲ್ಲಿ ಇನ್ನೊಬ್ಬ ಬೈಕ್ ತಳ್ಳಿಕೊಂಡು ಬಂದ. “ಈ ಬೈಕು ಕತ್ತೆ ಗುರು. ಎಷ್ಟು ಒದ್ದರೂ ಏಳಲ್ಲ.”

“ಇದು ರೂಪಕ ಅಕ್ಕಾ,” ಎಂದೆ. ‘ಹಾಗೆ’ ಕಿತ್ತುಹಾಕಿ ಬೈಕನ್ನೇ ಕತ್ತೆ ಮಾಡಿದ್ದ.

“ರೂಪಕನೋ ಏನೋ, ಸಂಜೆಗೆ ರೆಡಿ ಆಗ್ಬೇಕು,” ಎಂದ ಅವನು.

ಪರೀಕ್ಷೆಯಲ್ಲಿ ‘ಅವಳ ಮಾತು ಜೇನಿನಂತೆ ಸಿಹಿ’ ಎಂದು ಬಂತು. ನಾಲ್ಕೂ ಭಾಗ ಬಿಚ್ಚಿಟ್ಟೆ, ಕಾರ್ಬುರೇಟರ್ ಬಿಚ್ಚಿ ಬಟ್ಟೆಯ ಮೇಲೆ ಇಡುವ ಹಾಗೆ. ಒಂದು ನಟ್ಟೂ ಕಳೆಯಲಿಲ್ಲ.

ಪಾಸಾದೆ. ಉಸ್ತಾದ್ ಶಿವಾಜಿನಗರದಿಂದ ಕಬಾಬ್ ತರಿಸಿ, ಬಂದ ಗಿರಾಕಿಗಳಿಗೆಲ್ಲ ಹಂಚಿದರು. “ನಮ್ಮ ಹುಡುಗ ಹುಲಿ,” ಎಂದರು.

“ಹುಲಿ ಹಂಗಾ, ಹುಲೀನಾ?” ಎಂದು ಕೇಳಿದೆ.

“ಹುಲೀನೇ ಕಣೋ. ಬಾಯ್ಮುಚ್ಚಿ ತಿನ್ನು.”

ಐಟಿಐ ಸೀಟು ಸಿಕ್ಕಿತು. ಇಷ್ಟೇ. ಇನ್ನು ಹೇಳುವುದೇನೂ ಇಲ್ಲ.