ತಿರುವಿನಲ್ಲಿ ಹೇಳುವ ಕತೆ

ಸೈಕಲ್ ಸವಾರರೆಲ್ಲ ಅವಳನ್ನು ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಎರಡು ಊರುಗಳ ನಡುವೆ ಕಡಲಿನ ಪಕ್ಕದಲ್ಲೇ ಸಾಗುವ ಆ ದಾರಿಯಲ್ಲಿ ಅವಳ ಭಾವ, ಎಂದರೆ ಗಂಡನ ಅಣ್ಣ, ಪ್ರವಾಸಿಗಳ ಗುಂಪನ್ನು ಬೆಳಿಗ್ಗೆ ಹೊರಡಿಸಿ ಸಂಜೆಗೆ ಮುಟ್ಟಿಸುತ್ತಿದ್ದ. ಅವನು ಮುಂದೆ ಸೈಕಲ್ಲಿನಲ್ಲಿ, ಅವಳು ಹಿಂದೆ ವ್ಯಾನಿನಲ್ಲಿ. ಪಂಕ್ಚರ್ ಆದವರಿಗೆ ಟ್ಯೂಬು, ಸುಸ್ತಾದವರಿಗೆ ಸೀಟು, ಎಲ್ಲರಿಗೂ ನೀರು, ಕಿತ್ತಳೆ ಹಣ್ಣು.

ಅರ್ಧ ದಾರಿಯಲ್ಲಿ ಬಂಡೆಗಳ ಮೇಲೊಂದು ತಿರುವು. ಅಲ್ಲಿಂದ ಇಡೀ ಕಡಲು ಅಂಗೈ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಅಲ್ಲಿಂದಾಚೆಗೆ ಕಡಿದಾದ ಇಳಿಜಾರು. ಭಾವ ಪ್ರತಿ ಗುಂಪನ್ನೂ ಅಲ್ಲಿ ನಿಲ್ಲಿಸುತ್ತಿದ್ದ.

"ನನ್ನ ತಮ್ಮ ಹೋಗಿದ್ದು ಇಲ್ಲೇ," ಎಂದು ಶುರು ಮಾಡುತ್ತಿದ್ದ. "ಹಕ್ಕಿ ನೋಡ್ತಾ ತುಳಿಯೋ ಚಟ ಅವನಿಗೆ. ಹಕ್ಕಿ ಎಡಕ್ಕೆ ಹೋಯ್ತು, ಇವನೂ ಎಡಕ್ಕೆ ಹೋದ. ಹಕ್ಕಿಗೆ ರೆಕ್ಕೆ ಇತ್ತು."

ಜನ ನಕ್ಕುಬಿಡುತ್ತಿದ್ದರು. ನಕ್ಕ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಆಗ ಅವನು ವ್ಯಾನಿನ ಕಡೆ ಕೈ ತೋರಿಸಿ, "ಅವಳೇ ಅವನ ಹೆಂಡ್ತಿ," ಎನ್ನುತ್ತಿದ್ದ. ಎಲ್ಲರ ಕಣ್ಣೂ ಕಿತ್ತಳೆ ಬುಟ್ಟಿ ಹಿಡಿದು ನಿಂತವಳ ಮೇಲೆ ಬೀಳುತ್ತಿತ್ತು. ಅವಳು ಹಣ್ಣು ಹಂಚುತ್ತಿದ್ದಳು.

ಗಂಡ ಸತ್ತ ಬೆಳಿಗ್ಗೆ ಸೈಕಲ್ ಅಂಗಡಿಯಲ್ಲಿ ಏನು ನಡೆಯಿತೆಂದು ಅವಳಿಗೆ ಗೊತ್ತಿತ್ತು. ಗಂಡ ಸೈಕಲ್ ಎತ್ತಿ ತೋರಿಸಿ, "ಅಣ್ಣಾ, ಬ್ರೇಕ್ ತಂತಿ ಎಳೆ ಎಳೆಯಾಗಿದೆ," ಎಂದಿದ್ದ. ಭಾವ ತಿರುಗಿಯೂ ನೋಡದೆ, "ಒಳ್ಳೇದೆಲ್ಲ ಗಿರಾಕಿಗಳಿಗೆ ಕೊಟ್ಟಾಯ್ತು. ನೀನು ಮನೆಯವನು, ಇವತ್ತೊಂದಿನ ಸುಧಾರಿಸ್ಕೋ," ಎಂದಿದ್ದ. ಗಂಡ ಸುಧಾರಿಸಿಕೊಳ್ಳುವ ಜಾತಿಯವನೇ. ಅವನು ಹಕ್ಕಿ ನೋಡಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಅಂಗಡಿ ಭಾವನದು. ಅಂಗಡಿಯ ಹಿಂದಿನ, ಟೈರಿನ ವಾಸನೆ ತುಂಬಿದ ಕೋಣೆಯಲ್ಲಿ ಅವಳೂ ಅತ್ತೆಯೂ ಮಲಗುತ್ತಿದ್ದರು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಒಂದು ದಿನ ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬಳಿಗೆ ನಗು ಬರಲಿಲ್ಲ. "ನಿಜವಾಗ್ಲೂ ಹಾಗೇ ಆಯ್ತಾ?" ಎಂದು ಕೇಳಿದಳು.

"ಅವಳನ್ನೇ ಕೇಳಿ," ಎಂದ ಭಾವ, ಹಲ್ಲು ಕಿರಿಯುತ್ತ.

ಆ ಹೆಂಗಸು ನಿಜವಾಗಿಯೂ ಬಂದು ಕೇಳಿದಳು. ವ್ಯಾನಕ್ಕ ಬುಟ್ಟಿಯನ್ನು ಕೆಳಗಿಟ್ಟಳು.

"ಹಕ್ಕಿ ಗಿಕ್ಕಿ ಏನೂ ಇರ್ಲಿಲ್ಲಮ್ಮ. ಬ್ರೇಕ್ ಹಾಳಾಗಿತ್ತು. ನನ್ನ ಗಂಡ ಅದನ್ನ ಹೇಳಿದ್ರು. ಇವರೇ ಅದೇ ಸೈಕಲ್ ಕೊಟ್ಟು ಕಳಿಸಿದ್ರು."

ಅವಳು ದನಿ ಏರಿಸಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಸವಾರರೆಲ್ಲ ತಮ್ಮ ತಮ್ಮ ಬ್ರೇಕುಗಳನ್ನು ಒತ್ತಿ ನೋಡಿಕೊಂಡರು. ಆಮೇಲೆ ಒಬ್ಬರೂ ಹತ್ತಲಿಲ್ಲ. ಇಳಿಜಾರಿನುದ್ದಕ್ಕೂ ಸೈಕಲ್ ತಳ್ಳಿಕೊಂಡೇ ನಡೆದರು. ಭಾವನೂ ತನ್ನ ಸೈಕಲ್ ತಳ್ಳಿಕೊಂಡು ಮುಂದೆ ನಡೆದ.

ಸಂಜೆ ಅವನು ಬಯ್ಯಲಿಲ್ಲ. ವ್ಯಾನಿನ ಕೀಲಿಗೆ ಕೈ ಚಾಚಿದ, ಅಷ್ಟೇ. ಬೈದದ್ದು ಅತ್ತೆ. ಹಾಸಿಗೆಯ ಮೇಲೆ ಕೂತು, ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

"ತಂತಿ ವಿಷಯ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅವತ್ತೇ ಗೊತ್ತು. ಇದ್ದದ್ದು ಇಬ್ಬರು ಮಕ್ಕಳು. ಒಬ್ಬ ಹೋದ. ಇನ್ನೊಬ್ಬನ ಹೊಟ್ಟೆ ಮೇಲೆ ಹೊಡೆದು ನಿನಗೇನು ಸಿಕ್ತು?"

"ಗೊತ್ತಿದ್ದೂ ದಿನಾ ಅವರಿಗೆ ಊಟ ಬಡಿಸಿದ್ರಾ ಅತ್ತೆ?"

"ಮತ್ತೆ ಯಾರಿಗೆ ಬಡಿಸಲಿ? ನಾಳೆ ನಿನ್ನ ಬಟ್ಟೆಬರೆ ತಗೊಂಡು ಹೋಗು. ಇಲ್ಲಿ ಇರಬೇಡ."

ದಾರಿ ಮುಗಿಯುವ ಊರಿನಲ್ಲೊಂದು ವಸತಿಗೃಹವಿತ್ತು. ಸವಾರರು ರಾತ್ರಿ ತಂಗುವುದು ಅಲ್ಲೇ. ಅಲ್ಲಿ ಅವಳಿಗೆ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಹಬೆ ತುಂಬಿದ ನೆಲಮಾಳಿಗೆ, ಎರಡು ದೊಡ್ಡ ಯಂತ್ರ, ಎದೆಮಟ್ಟದ ಒಂದು ಕಿಟಕಿ. ಭಾವನ ಗುಂಪುಗಳು ಕಮ್ಮಿಯಾಗಬಹುದೆಂದು ಕೆಲವು ದಿನ ಕಾದಳು. ಕಮ್ಮಿಯಾಗಲಿಲ್ಲ. ಕೊಳೆಯಾದ ಚಾದರಗಳ ರಾಶಿ ಬೆಳೆಯುತ್ತಲೇ ಹೋಯಿತು.

ಒಂದು ಸಂಜೆ ಸವಾರರ ಉಡುಪಿನ ಹುಡುಗಿಯೊಬ್ಬಳು ಒಗೆಯುವ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು ಇಣುಕುತ್ತಿದ್ದರು.

"ವ್ಯಾನಕ್ಕ ಅಂದ್ರೆ ನೀವೇನಾ?" ಹುಡುಗಿ ಎಳೆಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಕೇಳಿದಳು. "ಆ ತಿರುವಿನಲ್ಲಿ ನಿಮ್ಮ ಭಾವ ಹೇಳಿದ್ರು. ಗಂಡ ಹೋದ್ಮೇಲೆ ನಿಮಗೆ ತಲೆ... ಏನೇನೋ ಮಾತಾಡೋಕೆ ಶುರು ಮಾಡಿದ್ರಂತೆ. ಅವರೇ ಇಲ್ಲಿ ಕೆಲಸ ಕೊಡಿಸಿ ನೋಡ್ಕೋತಿದ್ದಾರಂತೆ. ಈಗ ಹೇಗಿದೀರಿ?"

ವ್ಯಾನಕ್ಕನ ಕೈಯಲ್ಲಿ ಒದ್ದೆ ಚಾದರವಿತ್ತು. ನಿಜ ಹೇಳಲು ಬಾಯಿ ತೆರೆದಳು. ಹುಡುಗಿ ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದಳು.

"ಚೆನ್ನಾಗಿದೀನಮ್ಮ," ಎಂದಳು.

ಹುಡುಗಿಯ ಮುಖ ಅರಳಿತು. ತಿರುಗಿ ಗೆಳತಿಯರಿಗೆ, "ಪಾಪ, ಈಗ ಎಷ್ಟೋ ವಾಸಿ ಕಣ್ರೇ," ಎಂದು ಪಿಸುಗುಟ್ಟುತ್ತ ಮೆಟ್ಟಿಲು ಹತ್ತಿದಳು. ವ್ಯಾನಕ್ಕ ಚಾದರವನ್ನು ಯಂತ್ರಕ್ಕೆ ತುರುಕಿ ಮುಚ್ಚಳ ಹಾಕಿದಳು.