ಬಾವಿಯ ಬಳಿ ಉಳಿದ ಒಂಬತ್ತು ಗಿಡ

1961ರಲ್ಲಿ ನಾನು ಪುತ್ತೂರಿನ ಒಂದು ನರ್ಸರಿಯಲ್ಲಿ ದಿನಗೂಲಿಯ ಮಾಲಿಯಾಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಗಿಡದ ವಿದ್ಯೆ ಕೈಯಿಂದಲೇ ಕಲಿತದ್ದು. ಆ ವರ್ಷ ದರ್ಬೆಯಿಂದಾಚೆ ಗುಡ್ಡ ಕಡಿದು ಸಮತಟ್ಟು ಮೈದಾನ ಮಾಡಿದ್ದ ಒಂದು ಹೈಸ್ಕೂಲಿನವರು ನಮ್ಮಲ್ಲಿಗೆ ಬಂದರು. ಮೈದಾನಕ್ಕೆ ತಾಗಿಯೇ ಬಸ್ಸಿನ ರಸ್ತೆ. ಹುಡುಗಿಯರು ತ್ರೋಬಾಲ್ ಆಡಿದರೆ ದಾರಿಹೋಕರು ನಿಂತು ನೋಡುತ್ತಿದ್ದರು. ತಂದೆಯಂದಿರು ಹೆಣ್ಣುಮಕ್ಕಳನ್ನು ಆಟಕ್ಕೆ ಬಿಡುವುದನ್ನೇ ನಿಲ್ಲಿಸಿದ್ದರು. ರಸ್ತೆಗೆ ಮರೆಯಾಗುವಂತೆ, ಬೇಸಿಗೆಯಲ್ಲೂ ಬೋಳಾಗದ ಮರಗಳ ಸಾಲು ಬೇಕಾಗಿತ್ತು.

"ಮಳೆ ಹಿಡಿಯುವ ಮೊದಲು ಗುಂಡಿ ಮುಗಿಸು. ನಿನ್ನನ್ನು ಖಾಯಂ ಮಾಡ್ಲಿಕ್ಕೆ ನಾನು ಬರೀತೇನೆ" ಎಂದು ನರ್ಸರಿಯ ಸೂಪರ್‌ವೈಸರ್ ಕೆಲಸ ಒಪ್ಪಿಸಿದರು.

ಯಾವ ಮರವೆಂದು ತೂಗಿ ನೋಡಿದ್ದು ನಾನೇ. ಗಾಳಿಮರ ಬೇಗ ಏಳುತ್ತದೆ, ಆದರೆ ಕೆಲವೇ ವರ್ಷಗಳಲ್ಲಿ ಬುಡ ಬೋಳಾಗಿ ಕೆಳಗಿನಿಂದ ಎಲ್ಲ ಕಾಣುತ್ತದೆ. ಮಾವು ಎಂದಾಗ ಶಾಲೆಯ ಡ್ರಿಲ್ ಮಾಸ್ಟ್ರು ಕೈಮುಗಿದರು. "ಬೇಡ ಮಾರಾಯ! ಮಕ್ಕಳು ಕಾಯಿಗೆ ಹೊಡೆದ ಕಲ್ಲು ಹೆಕ್ಕುದೇ ನನಗೆ ಡ್ರಿಲ್ ಆದೀತು." ಕೊನೆಗೆ ಸುರಹೊನ್ನೆ ಮತ್ತು ರೆಂಜೆ, ಅಂದರೆ ಬಕುಳ, ಆರಿಸಿದೆ. ಎರಡೂ ನಿಧಾನ, ಆದರೆ ಬುಡದಿಂದಲೇ ದಟ್ಟ. ಎರಡು ಸಾಲು, ಸಾಲಿಗೆ ನಲವತ್ತು. ಆ ಆಯ್ಕೆಯಲ್ಲಿ ನಾನು ತಪ್ಪಲಿಲ್ಲ. ತಪ್ಪಿದ್ದು ಗುಂಡಿಯಲ್ಲಿ.

ಗುಂಡಿ ಮೂರಡಿ ಆಳ ಇರಬೇಕಿತ್ತು. ಬಾವಿಯ ಬದಿಯ ತಗ್ಗಿನಲ್ಲಿ ಮಣ್ಣು ಮೆದು. ಅಲ್ಲಿ ಒಂಬತ್ತು ಗುಂಡಿ ಸಲೀಸಾಗಿ ಇಳಿದವು. ಉಳಿದಲ್ಲೆಲ್ಲ ಎರಡಡಿಯೊಳಗೇ ಮುರಕಲ್ಲು, ಅಂದರೆ ಗಟ್ಟಿ ಜಂಬಿಟ್ಟಿಗೆ ಕಲ್ಲು. ಪಿಕ್ಕಾಸು ಹೊಡೆದಷ್ಟೂ ಹಿಂದಕ್ಕೆ ಹಾರುತ್ತಿತ್ತು. ಅತ್ತ ಮೋಡ ಕಟ್ಟತೊಡಗಿತ್ತು. ಆಗ ನಾನು ತೆಗೆದ ಮಣ್ಣನ್ನೇ ಗುಂಡಿಯ ಬಾಯಿಯ ಸುತ್ತ ಏರಿಸಿ, ಗುದ್ದಿ, ನೆಲದಂತೆ ನಯ ಮಾಡಿದೆ. ಸೂಪರ್‌ವೈಸರ್ ಬಂದು ಅಳತೆಕೋಲು ಇಳಿಸಿದರು. ಏರಿಸಿದ ಮಣ್ಣಿನ ತುದಿಯಿಂದ ಕೋಲು ಮೂರಡಿಯನ್ನೇ ತೋರಿಸಿತು.

ನನ್ನ ಅಕ್ಕ ಕಮಲ ಅದೇ ಶಾಲೆಯಲ್ಲಿ ಕುಡಿಯುವ ನೀರು ತುಂಬಿಸುವ ಕೆಲಸಕ್ಕಿದ್ದಳು. ಸುಳ್ಯದ ಕಡೆಯಿಂದ ಬಂದ ನಾವಿಬ್ಬರೂ ಒಂದೇ ಬಿಡಾರದಲ್ಲಿದ್ದೆವು. ಗಿಡಗಳಿಗೆ ನೀರು ಹೊಯ್ಯುವುದೂ ಅವಳ ಪಾಲಿಗೆ ಬಂತು. ಮಳೆಗಾಲದಲ್ಲಿ ಕಲ್ಲಿನ ಬಟ್ಟಲಿನಂಥ ಆ ಗುಂಡಿಗಳಲ್ಲಿ ನೀರು ನಿಂತು ಎಲೆ ಹಳದಿಯಾಯಿತು. ಬೇಸಿಗೆಯಲ್ಲಿ ಕಲ್ಲು ಕಾದು ಬೇರು ಬೆಂದಿತು. ಅವಳು ದಿನಕ್ಕೊಂದು ಸಾಲಿನಂತೆ ನಲವತ್ತು ಕೊಡ ನೀರು ಹೊತ್ತು ಗುಡ್ಡ ಹತ್ತಿದಳು. ಮಾರ್ಚಿನ ಹೊತ್ತಿಗೆ ಬದುಕಿದ್ದವು ಒಂಬತ್ತು. ಬಾವಿಯ ಬಳಿಯವು.

ಸೂಪರ್‌ವೈಸರ್ ಜೊತೆ ನಾನು ಹೋದಾಗ ಡ್ರಿಲ್ ಮಾಸ್ಟ್ರು ಅಕ್ಕನನ್ನು ಮೈದಾನದಲ್ಲೇ ನಿಲ್ಲಿಸಿಕೊಂಡಿದ್ದರು.

"ಬಾವಿ ಹತ್ರದ್ದು ಮಾತ್ರ ಬದುಕಿದ್ದು ಹೇಗೆ? ಮೇಲೆ ಹತ್ಲಿಕ್ಕೆ ಕಾಲು ನೋಯ್ತದಾ ನಿನಗೆ?"

"ಎಲ್ಲದಕ್ಕೂ ಹೊಯ್ದಿದ್ದೇನೆ ಮಾಸ್ಟ್ರೇ. ಬಾವಿಯ ಹಗ್ಗ ನೋಡಿ, ಈ ವರ್ಷಕ್ಕೆ ಅದು ಮೂರನೇದು."

"ಹಗ್ಗಕ್ಕೆ ಬಾಯಿ ಇಲ್ಲ, ಅದಕ್ಕೆ ಅದನ್ನು ಸಾಕ್ಷಿಗೆ ಕರೀತಿದ್ದಿ."

ಅಕ್ಕ ನನ್ನ ಕಡೆ ತಿರುಗಿದಳು. "ತಮ್ಮ, ನೀನು ಗಿಡದ ಕೆಲಸದವ. ನೀನೇ ಹೇಳು, ಎಂತ ಆದದ್ದು ಅಂತ."

"ಗುಂಡಿ ಸರಿ ಇತ್ತಲ್ಲ?" ಸೂಪರ್‌ವೈಸರ್ ಕೇಳಿದರು.

ಖಾಯಂ ಆಗುವ ಕಾಗದ ಇನ್ನೂ ಅವರ ಮೇಜಿನ ಮೇಲೆಯೇ ಇತ್ತು.

"ಮೂರಡಿ, ಸರ್. ನೀವೇ ಅಳೆದದ್ದಲ್ವ" ಎಂದೆ.

"ಹಾಗಾದ್ರೆ ನೀರೇ ಕಡಿಮೆ ಆದದ್ದು" ಎಂದರು ಅವರು. ಅಕ್ಕ ಕೊಡ ಅಲ್ಲೇ ಕೆಳಗಿಟ್ಟಳು. ಆ ತಿಂಗಳ ಕೊನೆಗೆ ಅವಳ ಕೆಲಸ ಹೋಯಿತು. ಜೂನ್‌ನಲ್ಲಿ ನಾನು ಖಾಯಂ ಆದೆ. ಅವಳು ನನ್ನನ್ನು ಬೈಯಲಿಲ್ಲ. ಕೊಯಿಲದ ಕಡೆ ದನಗಳಿಗೆ ಹುಲ್ಲು ಹೊರುವ ಕೆಲಸ ಹುಡುಕಿಕೊಂಡು ಹೋದಳು.

ಎರಡು ವರ್ಷದ ಬಳಿಕ ಅದೇ ಮೈದಾನಕ್ಕೆ ಮತ್ತೆ ಗಿಡ ಕೇಳಿದರು. ಈ ಸಲ ಮುರಕಲ್ಲು ಕಡಿಯುವವರನ್ನು ಕರೆಸಿ, ಕಲ್ಲು ಒಡೆಸಿ, ಒಂದೊಂದು ಗುಂಡಿಯನ್ನೂ ನೆಲಮಟ್ಟದಿಂದ ಅಳೆದೆ. ಗಿಡ ಹಿಡಿಯಿತು. 1972ರಲ್ಲಿ ಬಸ್ಸಿನಿಂದ ನೋಡಿದರೆ ಮೈದಾನ ಕಾಣುತ್ತಿರಲಿಲ್ಲ, ಹುಡುಗಿಯರ ಕೂಗು ಮಾತ್ರ ಕೇಳುತ್ತಿತ್ತು. ಶಾಲೆಯವರು ನನ್ನನ್ನು ಹೊಗಳಿದರು. ಆ ಹೊಗಳಿಕೆ ತಡೆಯಲಾಗದೆ ಮರುದಿನವೇ ಕೊಯಿಲಕ್ಕೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ.

ಅವಳು ಹುಲ್ಲಿನ ಕಟ್ಟು ಬಿಗಿಯುತ್ತಲೇ ಇದ್ದಳು.

"ಗೊತ್ತುಂಟು. ಸತ್ತ ಗಿಡ ಕಿತ್ತು ಒಲೆ ಹೊತ್ತಿಸ್ಲಿಕ್ಕೆ ತಂದವಳು ನಾನಲ್ವ? ಒಂದೊಂದರ ಬೇರೂ ದೋಸೆಯ ಹಾಗೆ ಚಪ್ಪಟೆ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀ ಅಂತ ಕಾದೆ." ಕಟ್ಟಿನ ಗಂಟು ಎಳೆದು ಕೇಳಿದಳು, "ಆ ಮಾಸ್ಟ್ರ ಹತ್ರ ಹೇಳಿದ್ಯಾ?"

ಮಾಸ್ಟ್ರು ವರ್ಗವಾಗಿ ಹೋಗಿ ಬಹಳ ಕಾಲವಾಗಿತ್ತು. ಎಲ್ಲಿದ್ದಾರೆಂದು ನಾನು ವಿಚಾರಿಸಿಯೂ ಇರಲಿಲ್ಲ. ಇಲ್ಲ ಎಂದೆ.

"ಹಾಗಾದ್ರೆ ಅವರ ಲೆಕ್ಕದಲ್ಲಿ ನಾನು ಈಗಲೂ ನೀರು ಹೊಯ್ಯದವಳೇ" ಎಂದು ಅವಳು ಕಟ್ಟನ್ನು ತಲೆಗೇರಿಸಿದಳು.

ಹೊಸದಾಗಿ ಬಂದ ಮಾಲಿಗಳಿಗೆಲ್ಲ ನಾನು ಮೊದಲು ಕಲಿಸಿದ್ದು ಒಂದೇ: ಅಳತೆಕೋಲು ಇಳಿಸುವ ಮುಂಚೆ ಗುಂಡಿಯ ಬಾಯಿಯ ಮಣ್ಣು ಕೆರೆದು ಹಾಕಿ. ಯಾಕೆ ಎಂದು ಕೇಳಿದವರಿಗೆ, ಅದು ರೂಢಿ ಎಂದುಬಿಡುತ್ತಿದ್ದೆ. ಕಾರಣ ಇದು.